ವಾಲಿಂಗ್‌ಫರ್ಡ್: ಥೇಮ್ಸ್ ದಾಟಲು ಕೊಟ್ಟ ಊರು

ಆಕ್ಸ್‌ಫರ್ಡ್‌ನಿಂದ ಬಸ್ಸು ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ವಾಲಿಂಗ್‌ಫರ್ಡ್. ಪುಟ್ಟ ಪೇಟೆ ಚೌಕ, ಕಂಬಗಳ ಮೇಲೆ ನಿಂತ ಹಳೆಯ ಪುರಭವನ, ನಾಲ್ಕು ಹೆಜ್ಜೆಗೆ ನದಿ. ನೋಡಿದ ಮೊದಲಿಗೆ ಇಂಗ್ಲೆಂಡಿನ ಹಣೆಬರಹ ಇಲ್ಲಿ ತಿರುಗಿತೆಂದು ಯಾರೂ ನಂಬರು.

ತಿರುಗಿದ್ದು ನಿಜ. 1066ರಲ್ಲಿ ಹೇಸ್ಟಿಂಗ್ಸ್ ಕದನ ಗೆದ್ದ, ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್ ವಿಲಿಯಂ ಲಂಡನ್ನಿನ ಸೇತುವೆಯಲ್ಲಿ ಒಳನುಗ್ಗಲಾಗದೆ ನದಿಯ ಗುಂಟ ಪಶ್ಚಿಮಕ್ಕೆ ಸಾಗಿದ. ಸೈನ್ಯ ದಾಟುವಷ್ಟು ನೀರು ಆಳವಿಲ್ಲದ ಜಾಗ ಸಿಕ್ಕಿದ್ದು ಇಲ್ಲಿ. ಊರೊಡೆಯ ವಿಗೋಡ್ ತಡೆಯಲಿಲ್ಲ. ಇಂಗ್ಲೆಂಡಿನ ಹಿರಿಯ ಧರ್ಮಗುರು, ಆರ್ಚ್‌ಬಿಷಪ್ ಸ್ಟಿಗಾಂಡ್ ಇಲ್ಲೇ ಬಂದು ವಿಲಿಯಂಗೆ ಶರಣಾದ. ಆ ಉಪಕಾರಕ್ಕೆ ಪ್ರತಿಯಾಗಿ, ಬೇರೆಡೆ ರಾತ್ರಿ ಎಂಟಕ್ಕೆ ಬಡಿಯುತ್ತಿದ್ದ ದೀಪ ಆರಿಸುವ ಗಂಟೆಯನ್ನು ಒಂಬತ್ತಕ್ಕೆ ಬಡಿಯಲು ಅನುಮತಿ ಸಿಕ್ಕಿತು ಎಂದು ಊರಿನವರು ಹೇಳುತ್ತಾರೆ. ಶರಣಾಗತಿಗೆ ಸಿಕ್ಕಿದ್ದು ಒಂದು ಗಂಟೆ ಹೆಚ್ಚಿನ ಬೆಳಕು. ಅಗ್ಗದ ಬೆಲೆಯೇನಲ್ಲ ಬಿಡಿ.

ಕೋಟೆಯ ಹುಲ್ಲುಗಾವಲಿನಲ್ಲಿ ನಾನು ಬಹಳ ಹೊತ್ತು ಕಳೆದೆ. ಈಗ ಅಲ್ಲಿರುವುದು ದಿಬ್ಬ, ಆಳವಾದ ಕಂದಕ, ಅಲ್ಲೊಂದು ಇಲ್ಲೊಂದು ಕಲ್ಲುಗೋಡೆ, ಮೇಲೆ ಸುತ್ತುವ ಕೆಂಬಣ್ಣದ ಹದ್ದುಗಳು. ಆದರೆ ಈ ಕೋಟೆಯನ್ನು ಬಲದಿಂದ ಗೆಲ್ಲಲು ಹನ್ನೆರಡನೆಯ ಶತಮಾನದ ರಾಜ ಸ್ಟೀಫನ್‌ಗೆ ಕೊನೆಯವರೆಗೂ ಆಗಲಿಲ್ಲ. 1142ರ ಚಳಿಗಾಲದಲ್ಲಿ ಆಕ್ಸ್‌ಫರ್ಡ್ ಕೋಟೆಯಿಂದ ಬಿಳಿ ಬಟ್ಟೆ ತೊಟ್ಟು, ಹಿಮದ ಮೇಲೆ ತಪ್ಪಿಸಿಕೊಂಡು ಬಂದ, ಸ್ಟೀಫನ್ನನೊಡನೆ ಸಿಂಹಾಸನಕ್ಕೆ ಹೋರಾಡುತ್ತಿದ್ದ ಮಟಿಲ್ಡಾಗೆ ಆಸರೆ ಕೊಟ್ಟದ್ದು ಇದೇ ಕೋಟೆ. 1153ರಲ್ಲಿ ಅವಳ ಮಗ ಹೆನ್ರಿಯ ಸೈನ್ಯ ಮತ್ತು ಸ್ಟೀಫನ್ನನ ಸೈನ್ಯ ಇಲ್ಲಿ ಎದುರುಬದುರಾದವು. ಯುದ್ಧಕ್ಕಿಂತ ಮಾತುಕತೆಯೇ ಲೇಸೆಂದಾಯಿತು. ಸ್ಟೀಫನ್ನನ ನಂತರ ಪಟ್ಟ ಹೆನ್ರಿಗೆ ಎಂದು ಒಪ್ಪಿದರು. ಮರುವರ್ಷ ಹೆನ್ರಿ ಪಟ್ಟವೇರಿದ. 1155ರಲ್ಲಿ ಊರಿಗೆ ಸನ್ನದು ಕೊಟ್ಟ.

ಆಮೇಲಿನದು ಇಳಿಜಾರು. ಪ್ಲೇಗ್ ಜನರನ್ನು ನುಂಗಿತು. 1416ರ ಸುಮಾರಿಗೆ ಮೇಲ್ದಂಡೆಯ ಅಬಿಂಗ್‌ಡನ್‌ನಲ್ಲಿ ಸೇತುವೆ ಎದ್ದಿತು; ವ್ಯಾಪಾರಿಗಳ ಗಾಡಿಗಳು ಆ ಕಡೆ ತಿರುಗಿದವು. ನದಿ ದಾಟಲು ಬೇರೊಂದು ದಾರಿಯಾದ ಮೇಲೆ ಈ ಊರನ್ನು ಕೇಳುವವರಾರು? ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1646ರಲ್ಲಿ ಕೋಟೆ ಪಾರ್ಲಿಮೆಂಟಿನ ಸೈನ್ಯಕ್ಕೆ ಶರಣಾಯಿತು, 1652ರಲ್ಲಿ ಅದನ್ನು ಕೆಡವಿಸಿದರು.

ಈಗ ಇಲ್ಲಿ ಕೇಳಿಬರುವ ಹೆಸರು ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯದು. ಊರಂಚಿನ ವಿಂಟರ್‌ಬ್ರೂಕ್‌ನಲ್ಲಿ ಆಕೆಯ ಮನೆಯಿತ್ತು, 1976ರಲ್ಲಿ ಅಲ್ಲೇ ತೀರಿಕೊಂಡರು. ಸಮಾಧಿ ಪಕ್ಕದ ಹಳ್ಳಿ ಚೋಲ್ಸಿಯ ಚರ್ಚಿನ ಅಂಗಳದಲ್ಲಿದೆ. ನಡೆಯುವ ಉಮೇದಿದ್ದರೆ ಹೊಲಗಳ ನಡುವೆ ಕಾಲುದಾರಿಯಿದೆ.