ಲ್ಯಾಂಡನ್ ಡೊನೋವನ್ ಯುರೋಪಿನಲ್ಲಿ ಯಾಕೆ ನಿಲ್ಲಲಿಲ್ಲ?

ಅಮೆರಿಕದ ಫುಟ್‌ಬಾಲ್ ಆಟಗಾರ ಲ್ಯಾಂಡನ್ ಡೊನೋವನ್ ನನ್ನ ಮೆಚ್ಚಿನವನು. ಫುಟ್‌ಬಾಲ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ನಿಮ್ಮ ಡೊನೋವನ್ ಅಷ್ಟು ದೊಡ್ಡ ಆಟಗಾರ ಆಗಿದ್ರೆ ಯುರೋಪಿನಲ್ಲಿ ಯಾಕೆ ನಿಲ್ಲಲಿಲ್ಲ?" ಕೇಳುವವರ ಮೈಮೇಲೆ ಹೆಚ್ಚಾಗಿ ಬಾರ್ಸಿಲೋನಾದ್ದೋ ಲಿವರ್‌ಪೂಲ್‌ನದೋ ಜೆರ್ಸಿ ಇರುತ್ತದೆ. ನಾನು ಬಾಯಿ ತೆಗೆಯುವ ಮೊದಲೇ ಅವರ ಮುಖದಲ್ಲಿ ಗೆದ್ದ ನಗು ಇರುತ್ತದೆ. ಇಷ್ಟು ವರ್ಷ ಸಮಾಧಾನದಿಂದಲೇ ಉತ್ತರ ಕೊಟ್ಟಿದ್ದೇನೆ. ಇನ್ನು ಆಗಲ್ಲ. ಬರೆದೇ ಬಿಡುತ್ತೇನೆ.

ಸಣ್ಣ ಉತ್ತರ ಇದು: ಅವನಿಗೆ ಅಲ್ಲಿ ಹಿಡಿಸಲಿಲ್ಲ. ಮನೆಗೆ ಬಂದ. ಬಂದು ಆಡಿದ, ಗೆದ್ದ.

ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಉದ್ದದ ಉತ್ತರ.

ಡೊನೋವನ್ ಕ್ಯಾಲಿಫೋರ್ನಿಯಾದ ಹುಡುಗ. ಹುಟ್ಟಿದ್ದು 1982ರಲ್ಲಿ, ಬೆಳೆದದ್ದು ರೆಡ್‌ಲ್ಯಾಂಡ್ಸ್ ಎಂಬ ಊರಿನಲ್ಲಿ. 1999ರಲ್ಲಿ ಜರ್ಮನಿಯ ಬೇಯರ್ ಲೆವರ್ಕುಸೆನ್ ಕ್ಲಬ್ ಅವನನ್ನು ಕರೆಸಿಕೊಂಡಿತು. ಅದೇ ವರ್ಷ ನ್ಯೂಜಿಲೆಂಡಿನಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅವನೇ ಅತ್ಯುತ್ತಮ ಆಟಗಾರ. ಅಂಥ ಹುಡುಗನನ್ನು ಲೆವರ್ಕುಸೆನ್ ತನ್ನ ಎರಡನೇ ತಂಡದಲ್ಲಿ ಇಟ್ಟಿತು. ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಊರು, ಮುಖ್ಯ ತಂಡದಲ್ಲಿ ಒಂದು ಪಂದ್ಯವೂ ಇಲ್ಲ. 2001ರಲ್ಲಿ ಕ್ಲಬ್ಬೇ ಅವನನ್ನು ಎರವಲಾಗಿ ಅಮೆರಿಕದ ಸ್ಯಾನ್ ಹೊಸೆ ಅರ್ತ್‌ಕ್ವೇಕ್ಸ್ ತಂಡಕ್ಕೆ ಕಳಿಸಿತು. ಆ ವರ್ಷವೇ ಸ್ಯಾನ್ ಹೊಸೆ ಅಲ್ಲಿಯ ಲೀಗಿನ ಚಾಂಪಿಯನ್. ಫೈನಲ್‌ನಲ್ಲಿ ತಂಡ ಹಿಂದೆ ಬಿದ್ದಾಗ ಸಮ ಮಾಡಿದ ಗೋಲು ಇವನದೇ.

ಮುಂದಿನ ವರ್ಷ, 2002ರ ವಿಶ್ವಕಪ್. ಪೋಲೆಂಡ್ ಮೇಲೆ ಒಂದು ಗೋಲು, ಮೆಕ್ಸಿಕೋ ಮೇಲೆ ಒಂದು ಗೋಲು. ಅಮೆರಿಕ ಕ್ವಾರ್ಟರ್‌ಫೈನಲ್ ತಲುಪಿತು. ಟೂರ್ನಿಯ ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿ ಡೊನೋವನ್‌ಗೆ ಬಂತು. ವಯಸ್ಸು ಇಪ್ಪತ್ತು. ಲೆವರ್ಕುಸೆನ್‌ನ ಎರಡನೇ ತಂಡದಲ್ಲೇ ಕಾಯುತ್ತಾ ಕೂತಿದ್ದರೆ ಇದೆಲ್ಲ ಆಗುತ್ತಿತ್ತಾ? ನೀವೇ ಹೇಳಿ.

ನಾನು ಆ ಕಾಲದಲ್ಲಿ ಕೆಲಸದ ಮೇಲೆ ಸ್ಯಾನ್ ಹೊಸೆಯಲ್ಲಿದ್ದೆ. ಅರ್ತ್‌ಕ್ವೇಕ್ಸ್ ಆಡುತ್ತಿದ್ದದ್ದು ಸ್ಪಾರ್ಟನ್ ಸ್ಟೇಡಿಯಂನಲ್ಲಿ. ಅದು ಅಲ್ಲಿಯ ಯೂನಿವರ್ಸಿಟಿಯ ಮೈದಾನ. ಅಗಲ ಕಡಿಮೆ. ಆಟಗಾರರು ಒಬ್ಬರಿಗೊಬ್ಬರು ಕೂಗಿ ಹೇಳುವುದು ನಮಗೂ ಕೇಳಿಸುತ್ತಿತ್ತು. 2003ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿ ವಿರುದ್ಧ ಪ್ಲೇಆಫ್‌ನ ಎರಡನೇ ಪಂದ್ಯ. ಎರಡೂ ಪಂದ್ಯದ ಗೋಲು ಕೂಡಿಸಿ ಯಾರದು ಹೆಚ್ಚೋ ಅವರು ಮುಂದಕ್ಕೆ. ಮೊದಲ ಪಂದ್ಯವನ್ನು 2-0ರಿಂದ ಸೋತು ಬಂದಿದ್ದರು. ಇಲ್ಲಿ ಆಟ ಶುರುವಾಗಿ ಕಾಲು ಗಂಟೆಯೂ ಆಗಿರಲಿಲ್ಲ, ಗ್ಯಾಲಕ್ಸಿ ಮತ್ತೆರಡು ಗೋಲು ಹೊಡೆಯಿತು. ಒಟ್ಟು ನಾಲ್ಕು ಗೋಲು ಹಿಂದೆ. ನನ್ನ ಪಕ್ಕದಲ್ಲಿದ್ದ ಒಂದು ಕುಟುಂಬ ಮಕ್ಕಳ ಸ್ವೆಟರ್ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿತ್ತು. ಆಮೇಲೆ ಜೆಫ್ ಅಗೂಸ್ ಒಂದು ಹೊಡೆದ. ಡೊನೋವನ್ ಇನ್ನೊಂದು. ಬ್ಯಾಗ್ ಮತ್ತೆ ಕಾಲ ಕೆಳಗೆ ಹೋಯಿತು. ತೊಂಬತ್ತನೇ ನಿಮಿಷದಲ್ಲಿ ಲೆಕ್ಕ ಸಮ. ಹೆಚ್ಚುವರಿ ಸಮಯದಲ್ಲಿ ರೊಡ್ರಿಗೊ ಫರಿಯಾ ಗೋಲ್ಡನ್ ಗೋಲು, ಅಂದರೆ ಬಿದ್ದ ಕೂಡಲೇ ಆಟ ಮುಗಿಸುವ ಗೋಲು, ಹೊಡೆದು 5-2 ಮಾಡಿದ. ಅಕ್ಕಪಕ್ಕದವರ ಹೆಸರೂ ಗೊತ್ತಿಲ್ಲದೆ ಎಲ್ಲರೂ ತಬ್ಬಿಕೊಂಡೆವು. ಅಲ್ಲಿಂದ ಹೋಗಿ ಆ ವರ್ಷದ ಕಪ್ಪನ್ನೂ ಸ್ಯಾನ್ ಹೊಸೆ ಗೆದ್ದಿತು. ಫೈನಲ್‌ನಲ್ಲಿ ಡೊನೋವನ್ ಎರಡು ಗೋಲು ಹೊಡೆದ.

ಆಗ ಆ ಲೀಗಿನ ಸ್ಥಿತಿ ಹೇಗಿತ್ತು ಅಂತ ಇಂದಿನವರಿಗೆ ಗೊತ್ತಿಲ್ಲ. ಮೇಜರ್ ಲೀಗ್ ಸಾಕರ್ ಶುರುವಾದದ್ದು 1996ರಲ್ಲಿ. 2002ರ ಹೊತ್ತಿಗೆ ಟ್ಯಾಂಪಾ ಮತ್ತು ಮಯಾಮಿಯ ತಂಡಗಳನ್ನು ಮುಚ್ಚಿದರು. ಉಳಿದದ್ದು ಹತ್ತೇ ತಂಡ. ಈ ಲೀಗು ಉಳಿಯುತ್ತದೆ ಅಂತ ಧೈರ್ಯವಾಗಿ ಹೇಳುವವರೇ ಕಡಿಮೆ. ಇಂಥ ಹೊತ್ತಿನಲ್ಲಿ ದೇಶದ ಅತ್ಯುತ್ತಮ ಆಟಗಾರ ಅಲ್ಲೇ ಆಡಿದ. 2005ರಲ್ಲಿ ಮತ್ತೆ ಲೆವರ್ಕುಸೆನ್‌ಗೆ ಹೋದ, ಕೆಲವೇ ಪಂದ್ಯ ಆಡಿದ, ಬೇಡ ಅಂತ ವಾಪಸ್ ಬಂದು ಗ್ಯಾಲಕ್ಸಿ ಸೇರಿದ. ಅಲ್ಲಿ ಇನ್ನೂ ನಾಲ್ಕು ಸಲ ಕಪ್ ಗೆದ್ದ. ಒಟ್ಟು ಆರು. ಇಂದು ಆ ಲೀಗಿನಲ್ಲಿ ಮೂವತ್ತು ತಂಡಗಳಿವೆ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಡೊನೋವನ್ ಹೆಸರೇ ಇಟ್ಟಿದ್ದಾರೆ. 2024ರಲ್ಲಿ ಅದನ್ನು ಗೆದ್ದವನು ಲಿಯೊನೆಲ್ ಮೆಸ್ಸಿ. ಬಾರ್ಸಿಲೋನಾ ಜೆರ್ಸಿಯವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ.

ಸಿಟ್ಟು ಬರುವುದು ಪ್ರಶ್ನೆಯ ಹಿಂದೆ ಇರುವ ಲೆಕ್ಕಾಚಾರಕ್ಕೆ. ನಾನು ಬೆಂಗಳೂರಿಗೆ ವಾಪಸ್ ಬಂದಾಗ ನೆಂಟರೆಲ್ಲ ಕೇಳಿದ್ದೂ ಇದನ್ನೇ. "ಯಾಕಪ್ಪಾ, ಅಲ್ಲಿ ಕೆಲಸ ಹೋಯ್ತಾ?" ಅಮ್ಮನ ಹತ್ತಿರ ಇರಬೇಕು ಅನ್ನಿಸಿತು ಅಂದರೆ ನಂಬುವವರೇ ಇಲ್ಲ. ದೂರದಲ್ಲಿ ಇದ್ದವನು ಗೆದ್ದವನು, ಮನೆಗೆ ಬಂದವನು ಸೋತವನು. ಇದನ್ನು ಯಾರು ಯಾವಾಗ ತೀರ್ಮಾನ ಮಾಡಿದರು?

2014ರ ವಿಶ್ವಕಪ್‌ನಲ್ಲಿ ಅಮೆರಿಕ-ಬೆಲ್ಜಿಯಂ ಪಂದ್ಯ. ನಮ್ಮಲ್ಲಿ ರಾತ್ರಿ ಒಂದೂವರೆಗೆ ಶುರು. ಗೆಳೆಯನ ಮನೆಯಲ್ಲಿ ಸೇರಿದ್ದೆವು, ಅವನ ಭಾವನೂ ಇದ್ದರು. ಗೋಲ್‌ಕೀಪರ್ ಟಿಮ್ ಹೊವರ್ಡ್ ಒಂದರ ಮೇಲೊಂದು ಹೊಡೆತ ತಡೆಯುತ್ತಿದ್ದಾನೆ. ಪೂರ್ಣ ಸಮಯದ ಕೊನೆಯ ಗಳಿಗೆಯಲ್ಲಿ ಅಮೆರಿಕದ ವೊಂಡೊಲೊವ್‌ಸ್ಕಿಗೆ ಗೋಲಿನ ಎದುರಲ್ಲೇ ಚೆಂಡು ಸಿಕ್ಕಿತು. ಮೇಲೆ ಹೊಡೆದ. ನಾನು ತಲೆ ಹಿಡಿದುಕೊಂಡು "ಅಲ್ಲಿ ಡೊನೋವನ್ ಇರಬೇಕಿತ್ತು" ಅಂದೆ. ಭಾವ ಮಿಕ್ಸ್ಚರ್ ಬಾಯಿಗೆ ಹಾಕಿಕೊಳ್ಳುತ್ತಾ, "ಯಾರು, ಆ ಜರ್ಮನಿಯಿಂದ ಓಡಿ ಬಂದವನಾ? ಅವನಿಗೆ ಗಟ್ಟಿ ಗುಂಡಿಗೆ ಇಲ್ಲ ರೀ" ಅಂದರು.

ಬೇರೆಯವರ ಮನೆ, ವಯಸ್ಸಿನಲ್ಲಿ ದೊಡ್ಡವರು. ಸುಮ್ಮನಿದ್ದೆ. ಈಗ ಹೇಳುತ್ತೇನೆ.

ಭಾವ, 2010ರ ಜನವರಿಯಲ್ಲಿ ಅವನು ಎರವಲಾಗಿ ಇಂಗ್ಲೆಂಡಿನ ಎವರ್ಟನ್‌ಗೆ ಹೋದ. ಮುಂದಿನ ತಿಂಗಳು ಎವರ್ಟನ್ ತನ್ನ ಮೈದಾನದಲ್ಲಿ ಚೆಲ್ಸಿಯನ್ನು ಸೋಲಿಸಿತು, ಮ್ಯಾಂಚೆಸ್ಟರ್ ಯುನೈಟೆಡನ್ನೂ ಸೋಲಿಸಿತು. ಎರಡರಲ್ಲೂ ಡೊನೋವನ್ ಇದ್ದ. ಇನ್ನಷ್ಟು ದಿನ ಇಟ್ಟುಕೊಳ್ಳಲು ಎವರ್ಟನ್ ಕೇಳಿತು, ಅಮೆರಿಕದ ಲೀಗ್ ಬಿಡಲಿಲ್ಲ. ಅವನಿಗೆ ಅಲ್ಲಿ ಆಡಲು ಬರುತ್ತಿತ್ತು. ಅಲ್ಲೇ ಬದುಕಬೇಕು ಅನ್ನುವ ಆಸೆ ಇರಲಿಲ್ಲ, ಅಷ್ಟೇ.

ಗುಂಡಿಗೆಯ ವಿಷಯಕ್ಕೆ ಬಂದರೆ, ಅದೇ ವರ್ಷದ ವಿಶ್ವಕಪ್, ಜೂನ್ 23, ಪ್ರಿಟೋರಿಯಾ, ಅಲ್ಜೀರಿಯಾ ಪಂದ್ಯ. ತೊಂಬತ್ತು ನಿಮಿಷ ಮುಗಿದಿದೆ, 0-0. ಹೀಗೇ ಮುಗಿದರೆ ಅಮೆರಿಕ ಮನೆಗೆ. ಹೊವರ್ಡ್ ಚೆಂಡು ಹಿಡಿದವನೇ ಕೈಯಿಂದ ದೂರಕ್ಕೆ ಎಸೆದ. ಡೊನೋವನ್ ಅದನ್ನು ತಳ್ಳಿಕೊಂಡು ಓಡಿ ಬಲಕ್ಕೆ ಆಲ್ಟಿಡೋರ್‌ಗೆ ಕೊಟ್ಟ. ಆಲ್ಟಿಡೋರ್ ಅಡ್ಡಕ್ಕೆ ತಳ್ಳಿದ. ಡೆಂಪ್ಸಿ ನುಗ್ಗಿ ಹೊಡೆದ. ಅಲ್ಜೀರಿಯಾದ ಗೋಲ್‌ಕೀಪರ್ ತಡೆದ, ಚೆಂಡು ಕೈ ಜಾರಿ ಮುಂದಕ್ಕೆ ಬಂತು. ಪಾಸ್ ಕೊಟ್ಟು ನಿಂತಿದ್ದರೆ ಡೊನೋವನ್‌ಗೆ ಅದು ಸಿಗುತ್ತಲೇ ಇರಲಿಲ್ಲ. ಅವನು ಓಟ ನಿಲ್ಲಿಸಿರಲಿಲ್ಲ. ಗೋಲು. ಇಂಗ್ಲೆಂಡನ್ನು ಹಿಂದಕ್ಕೆ ಹಾಕಿ ಅಮೆರಿಕ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂತು.

ಇಷ್ಟು ಹೇಳಿದ ಮೇಲೂ ಇದು ನಾನು ಮಾತಾಡಬೇಕು ಅಂದುಕೊಂಡ ವಿಷಯವಲ್ಲ. ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮೂವತ್ತನೇ ವಯಸ್ಸಿನಲ್ಲಿ, ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ, "ನನಗೆ ದಣಿವಾಗಿದೆ, ಸ್ವಲ್ಪ ದಿನ ಆಡಲ್ಲ" ಅಂತ ಅವನು ಹೇಗೆ ಹೇಳಿದ?

2012ರ ಡಿಸೆಂಬರ್‌ನಲ್ಲಿ ಗ್ಯಾಲಕ್ಸಿಗೆ ಮತ್ತೊಂದು ಕಪ್ ಗೆದ್ದುಕೊಟ್ಟು ಡೊನೋವನ್ ಆಟದಿಂದ ದೂರ ಸರಿದ. ಗಾಯ ಇರಲಿಲ್ಲ. ಮೈ ಮನಸ್ಸು ಎರಡೂ ಸೋತಿವೆ ಅಂದ. ಕಾಂಬೋಡಿಯಾಗೆ ಹೋದ. ತಿಂಗಳುಗಟ್ಟಲೆ ಚೆಂಡು ಮುಟ್ಟದೆ 2013ರ ಮಾರ್ಚ್ ಕೊನೆಗೆ ವಾಪಸ್ ಬಂದ. ತಾನು ಖಿನ್ನತೆಯ ಜೊತೆ ಬದುಕಿದ್ದನ್ನು ಮುಚ್ಚಿಡದೆ ಹೇಳಿಕೊಂಡ. ಆಗಿನ್ನೂ ಆಟಗಾರರು ಇಂಥ ಮಾತು ಆಡುವ ಕಾಲ ಅಲ್ಲ. 2019ರಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್ ಕ್ರಿಕೆಟ್‌ನಿಂದ ಬಿಡುವು ತೆಗೆದುಕೊಂಡಾಗ ಎಲ್ಲರೂ ಬೆನ್ನು ತಟ್ಟಿದರು. 2020ರಲ್ಲಿ ನಮ್ಮ ರಾಬಿನ್ ಉತ್ತಪ್ಪ ತಾನು ಪಟ್ಟ ಪಾಡನ್ನು ಬಾಯಿಬಿಟ್ಟು ಹೇಳಿದಾಗ ಜನ ಗೌರವದಿಂದ ಕೇಳಿದರು. ಡೊನೋವನ್ ಇದನ್ನು ಮಾಡಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ಒಬ್ಬನೇ. ಅವನಿಗೆ ಸಿಕ್ಕಿದ್ದು "ಮೆತ್ತಗಿನವನು" ಅನ್ನುವ ಮಾತು.

ಬೆಲೆ ತೆತ್ತ. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಟೂರ್ನಿಯಾದ ಗೋಲ್ಡ್ ಕಪ್ಪನ್ನು 2013ರಲ್ಲಿ ಅಮೆರಿಕ ಗೆದ್ದಿತು, ಐದು ಗೋಲು ಹೊಡೆದ ಡೊನೋವನ್ ಅದರ ಅತ್ಯುತ್ತಮ ಆಟಗಾರ. ಆದರೂ 2014ರ ಮೇ 22ರಂದು ಕೋಚ್ ಯೂರ್ಗೆನ್ ಕ್ಲಿನ್ಸ್‌ಮನ್ ವಿಶ್ವಕಪ್ ತಂಡ ಪ್ರಕಟಿಸಿದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ದೇಶಕ್ಕೆ 57 ಗೋಲು ಹೊಡೆದವನು ಹೊರಗೆ. ಆ ಬಿಡುವೇ ಕಾರಣ ಅಂತ ಕ್ಲಿನ್ಸ್‌ಮನ್ ಹೇಳಲಿಲ್ಲ. ನಾನು ಮಾತ್ರ ಹಾಗೇ ನಂಬಿದ್ದೇನೆ, ಇವತ್ತಿಗೂ. ಮೂರು ದಿನದ ನಂತರ ಫಿಲಡೆಲ್ಫಿಯಾ ವಿರುದ್ಧ ಎರಡು ಗೋಲು ಹೊಡೆದು ಲೀಗಿನಲ್ಲಿ ಅತಿ ಹೆಚ್ಚು ಗೋಲಿನ ದಾಖಲೆ ಮುರಿದ. ಆ ವರ್ಷದ ಕೊನೆಗೆ ಆರನೇ ಕಪ್ ಎತ್ತಿ ನಿವೃತ್ತನಾದ.

ಆಮೇಲೂ ಸುಮ್ಮನೆ ಕೂರಲಿಲ್ಲ. 2016ರಲ್ಲಿ ಮತ್ತೆ ಗ್ಯಾಲಕ್ಸಿಗೆ, 2018ರಲ್ಲಿ ಮೆಕ್ಸಿಕೋದ ಲಿಯೋನ್ ಕ್ಲಬ್ಬಿಗೆ ಆಡಿದ. 2020ರಲ್ಲಿ ಸ್ಯಾನ್ ಡಿಯೇಗೊ ಲಾಯಲ್ ತಂಡದ ಕೋಚ್ ಆಗಿದ್ದ. ತಂಡದ ಕಾಲಿನ್ ಮಾರ್ಟಿನ್ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದ ಆಟಗಾರ. ಪಂದ್ಯದ ನಡುವೆ ಎದುರಾಳಿಯೊಬ್ಬ ಅದೇ ವಿಷಯ ಎತ್ತಿ ಅವನನ್ನು ನಿಂದಿಸಿದ ಅಂತ ದೂರು ಬಂತು. ಡೊನೋವನ್ ತಂಡ 3-1ರಿಂದ ಮುಂದಿತ್ತು, ಪ್ಲೇಆಫ್ ಆಸೆಯೂ ಇತ್ತು. ದ್ವಿತೀಯಾರ್ಧ ಶುರುವಾದ ಕೂಡಲೇ ಇಡೀ ತಂಡ ಮೈದಾನ ಬಿಟ್ಟು ಹೊರಟಿತು. ಆ ಪಂದ್ಯವೂ ಹೋಯಿತು, ಪ್ಲೇಆಫೂ ಹೋಯಿತು.

ಇಂಥವನಿಗೆ ಗುಂಡಿಗೆ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಯುರೋಪಿನ ಪ್ರಶ್ನೆಗೆ ಉತ್ತರ ಮುಗಿಯಿತು, ಅದನ್ನು ಮತ್ತೆ ಕೇಳಬೇಡಿ. 2012ರ ಆ ಡಿಸೆಂಬರ್ ಬಗ್ಗೆ ಕೇಳಿ. ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.