ಸಿಕ್ಕುಬೀಳದ ಹೆಡ್‌ಫೋನ್ ತಂತಿ: ಆರನೆಯ ಪ್ರಯತ್ನದ ದಾಖಲೆ

ತಂತಿಯ ಮೇಲಿನ ಎನಾಮೆಲ್ ಲೇಪ ಸುಟ್ಟು ಬೆಸುಗೆ ಹಾಕಿದ್ದು, ಪ್ಯಾರಾಕಾರ್ಡ್ ಎಂಬ ನೈಲಾನ್ ಹಗ್ಗದ ಒಳ ಎಳೆಗಳನ್ನು ಕಿತ್ತು ಅದರೊಳಗೆ ತಂತಿಯನ್ನು ತೂರಿಸಿದ್ದು, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ಕೂರಿಸಿದ್ದು, ಇವೆಲ್ಲ ನಿಮ್ಮ ಕೈಗೂ ರೂಢಿಯಾಗಿರುವ ಕೆಲಸಗಳಾದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ತಂತಿ ಹಾಡುತ್ತಿದೆ, ಎರಡೂ ಕಿವಿಗಳಲ್ಲಿ ಸಮನಾಗಿಯೇ ಹಾಡುತ್ತಿದೆ. ಈ ದಾಖಲೆ ಪೂರ್ತಿಯಾಗಿ ಗಂಟಿಗೆ ಮೀಸಲು.

ಹಿಂದಿನ ದಾಖಲೆಯ ಕೊನೆಯಲ್ಲಿ ನಾನು ‘ಓವರ್-ಅಂಡರ್’ ಸುತ್ತನ್ನು ಬಹಳ ಹೊಗಳಿದ್ದೆ. ಬೆರಳಿಗೆ ಒಂದೇ ದಿಕ್ಕಿನಲ್ಲಿ ಸುತ್ತಿದರೆ ಪ್ರತಿ ಸುತ್ತೂ ತಂತಿಗೆ ಒಂದೊಂದು ಹುರಿ ಏರಿಸುತ್ತದೆ. ಒಂದು ಸುತ್ತನ್ನು ನೇರವಾಗಿ, ಮುಂದಿನದನ್ನು ಒಳಮಗ್ಗುಲಾಗಿ ತಿರುಗಿಸಿ ಹಾಕಿದರೆ ಏರಿದ ಹುರಿ ಇಳಿದುಹೋಗುತ್ತದೆ, ಲೆಕ್ಕ ಸರಿಹೋಗುತ್ತದೆ. ಲೆಕ್ಕವೇನೋ ಸರಿಯೇ. ಆದರೆ ಮಾರನೆಯ ದಿನ ಜೇಬಿನಿಂದ ತೆಗೆದು ಎಳೆದಾಗ ಒಂದರ ಹಿಂದೊಂದರಂತೆ ನಾಲ್ಕು ಗಂಟುಗಳು, ಯಾರೋ ಕುಳಿತು ಹೂವು ಕಟ್ಟಿದಷ್ಟು ಅಚ್ಚುಕಟ್ಟಾಗಿ, ನನ್ನ ಕಣ್ಣೆದುರಿಗೇ ಬಿಗಿದುಕೊಂಡವು. ಒಂದು ಕಗ್ಗಂಟಾಗಿದ್ದರೆ ದುರದೃಷ್ಟವೆಂದು ಸುಮ್ಮನಾಗುತ್ತಿದ್ದೆ. ಸಾಲಾಗಿ ಬಿದ್ದ ನಾಲ್ಕು ಗಂಟುಗಳಿಗೆ ಕಾರಣ ಇರಲೇಬೇಕು.

ಕಾರಣ ಹಿಡಿಯಲು ಎರಡು ಸಂಜೆಗಳು ಬೇಕಾದವು. ಓವರ್-ಅಂಡರ್‌ನಲ್ಲಿ ಒಂದು ಬಿಟ್ಟು ಒಂದು ಸುತ್ತು ಅರೆಗಂಟಿನ ರೂಪದಲ್ಲಿಯೇ ಇರುತ್ತದೆ. ತುದಿ ಹೊರಗಿರುವವರೆಗೆ ಅದು ನಿರಪಾಯಕಾರಿ. ಜೇಬಿನ ಕುಲುಕಾಟದಲ್ಲಿ ತುದಿ ಸುತ್ತುಗಳ ನಡುವೆ ಒಮ್ಮೆ ನುಸುಳಿತೋ, ಎಳೆದ ಕೂಡಲೇ ಅಂಥ ಪ್ರತಿಯೊಂದು ಸುತ್ತೂ ನಿಜವಾದ ಗಂಟಾಗುತ್ತದೆ. ನನ್ನ ತಂತಿಯಲ್ಲಿ ನುಸುಳಿದ್ದು ಎಡಗಿವಿಯ ಗುಂಡಿ. ಅಂದರೆ ಇಷ್ಟು ದಿನ ನಾನು ಹುರಿಯ ಜೊತೆ ಗುದ್ದಾಡುತ್ತಿದ್ದೆ, ಕಳ್ಳ ಮಾತ್ರ ತುದಿಯಲ್ಲಿ ಕುಳಿತಿದ್ದ.

ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೇಮರ್ ಮತ್ತು ಸ್ಮಿತ್ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು, ಅಂದರೆ ದಾರವನ್ನು ಪೆಟ್ಟಿಗೆಯಲ್ಲಿ ಹಾಕಿ 3,415 ಸಲ ಉರುಳಿಸಿದ ಪ್ರಯೋಗವನ್ನು, ಮತ್ತೆ ಓದಿದಾಗ ಅವರು ಹೇಳಿದ್ದೂ ಇದನ್ನೇ ಎಂಬುದು ಹೊಳೆಯಿತು: ಪಕ್ಕದ ಎಳೆಗಳ ಮೇಲೆ ಕೆಳಗೆ ತೂರಾಡುವ ಬಿಡಿ ತುದಿಯೇ ಗಂಟು ಹೆಣೆಯುತ್ತದೆ. 46 ಸೆಂ.ಮೀ.ಗಿಂತ ಗಿಡ್ಡ ದಾರದಲ್ಲಿ ಅವರಿಗೆ ಗಂಟು ಸಿಗಲಿಲ್ಲ. ಅಲ್ಲಿಂದ 150 ಸೆಂ.ಮೀ.ವರೆಗೆ ಗಂಟು ಬೀಳುವ ಸಾಧ್ಯತೆ ಸರ್ರನೆ ಏರಿತು. ನನ್ನ ತಂತಿ 120 ಸೆಂ.ಮೀ. ಇದೆ. ಅವರ ದಾರಕ್ಕಾದರೂ ಎರಡೇ ತುದಿ, ನಮ್ಮ ಕವಲೊಡೆದ ತಂತಿಗೆ ಮೂರು: ಪ್ಲಗ್ ಒಂದು, ಕಿವಿಗುಂಡಿ ಎರಡು. ಈ ಕೆಲಸಕ್ಕೆ ಅವರಿಗೆ 2008ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ವಿನೋದದ ಪ್ರಶಸ್ತಿ, ಬಂತು. ಗಂಟು ಬಿಡಿಸುತ್ತ ಕೂತವರಿಗೆ ಇನ್ನೂ ಏನೂ ಬಂದಿಲ್ಲ.

ಹಾಗಾದರೆ ಬಿಡಿ ತುದಿಯೇ ಇಲ್ಲದಂತೆ ಮಾಡಬೇಕು. ಕವಲಿನ ಮೇಲೆ ಓಡಾಡುವ ಜಾರುಮಣಿಯನ್ನು ಕಿವಿಗುಂಡಿಗಳವರೆಗೆ ತಳ್ಳಿದರೆ ಮೂರು ತುದಿಗಳು ಎರಡಾಗುತ್ತವೆ, ಅದೇ ಮಣಿಗೆ ಪ್ಲಗ್ಗನ್ನೂ ಸಿಕ್ಕಿಸಿದರೆ ತಂತಿ ಬಳೆಯಂತೆ ಮುಚ್ಚಿಕೊಳ್ಳುತ್ತದೆ. ಹೇಳಲು ಇಷ್ಟೇ. ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚು ಹಾಕಿದ ಮೊದಲ ಮಣಿಯ ತೂತು 3.5 ಮಿ.ಮೀ. ಎಂದು ಬರೆದಿದ್ದರೂ ಕಿರಿದಾಗಿ ಬಂದು ಪ್ಲಗ್ಗನ್ನು ಒಳಗೇ ಬಿಡಲಿಲ್ಲ. ಎರಡನೆಯದನ್ನು ಹಿಗ್ಗಿಸಿದೆ, ಪ್ಲಗ್ ತಾನಾಗಿಯೇ ಜಾರಿ ಬಿತ್ತು. ಮೂರನೆಯದು ಎರಡು ದಿನ ಹಿಡಿದು, ಸವೆದು, ಕೈಬಿಟ್ಟಿತು. ಒಳಗೆ ರಬ್ಬರ್ ಉಂಗುರ ಕೂರಿಸೋಣವೆಂದು 3 ಮಿ.ಮೀ. ಒಳವ್ಯಾಸದ್ದನ್ನು ತರಿಸಿದರೆ ಬಂದದ್ದು 3 ಮಿ.ಮೀ. ಹೊರವ್ಯಾಸದ್ದು, ಅದೂ ನೂರು. ದೂರಿಗೆ ಮಾರಾಟಗಾರರು ಕೊಟ್ಟ ಉತ್ತರ: ‘3 ಮಿ.ಮೀ. ಎಂದೇ ಇದೆಯಲ್ಲ.’ ಇರುವೆಗಳಿಗೆ ಬಳೆ ತೊಡಿಸುವ ಯೋಜನೆ ಯಾರಿಗಾದರೂ ಇದ್ದರೆ ತಿಳಿಸಿ.

ಆ ಸಿಟ್ಟಿನಲ್ಲಿ ಕಚ್ಚಾ ಸಾಮಾನಿನ ಡಬ್ಬಿ ಕೆದಕುತ್ತಿದ್ದಾಗ ಹಳೆಯ ರೇಡಿಯೊದಿಂದ ಕಿತ್ತಿಟ್ಟಿದ್ದ 3.5 ಮಿ.ಮೀ. ಸಾಕೆಟ್ ಕೈಗೆ ಸಿಕ್ಕಿತು. ಪ್ಲಗ್ಗಿನ ತುದಿಯ ಹಿಂದೆ ಒಂದು ಸಣ್ಣ ಕುತ್ತಿಗೆ ಇರುತ್ತದೆಯಷ್ಟೆ. ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಪಟ್ಟಿ ಅಲ್ಲಿಗೇ ಬಂದು ಕೂರುತ್ತದೆ. ಮೂರು ವಾರ ನಾನು ಹುಡುಕುತ್ತಿದ್ದ ಹಿಡಿತ ಅದೇ, ಟಕ್ಕೆಂಬ ಸದ್ದಿನ ಸಮೇತ. ಸಾಕೆಟ್ಟಿನ ಕಾಲುಗಳನ್ನು ಕತ್ತರಿಸಿ, ಮಣಿಯಲ್ಲಿ ಗೂಡು ಬಿಟ್ಟು, ಅಂಟು ಹಾಕಿ ಕೂರಿಸಿದೆ. ಬೂಟಿನ ಪೆಟ್ಟಿಗೆಯಲ್ಲಿ ಹಾಕಿ 20 ಸಲ ಕುಲುಕಿದೆ. ಹುರಿ ಏರಿತು, ಕುಣಿಕೆಗಳೂ ಮೂಡಿದವು, ಆದರೆ ಒಂದೂ ಗಂಟಾಗಲಿಲ್ಲ. ಪ್ಲಗ್ ಬಿಚ್ಚಿ, ಗುಂಡಿಗಳನ್ನು ಹಿಡಿದು ಇಳಿಬಿಟ್ಟರೆ ತಂತಿ ತಾನೇ ಗಿರ್ರನೆ ತಿರುಗಿ ನೇರವಾಯಿತು.

ಈ ನಡುವೆ ಸುರುಳಿ ಪೆಟ್ಟಿಗೆಯೊಂದು ತಲೆಗೆ ಹೊಕ್ಕಿದೆ. ಕಾರಿನ ಸ್ಟೀರಿಂಗ್ ಒಳಗೆ ಹಾರ್ನ್ ಮತ್ತು ಏರ್‌ಬ್ಯಾಗಿನ ಸಂಪರ್ಕವನ್ನು ಉಜ್ಜುವ ಉಂಗುರಗಳಿಲ್ಲದೆ ಒಯ್ಯುವ, ಸುರುಳಿ ಸುತ್ತಿದ ಪಟ್ಟಿತಂತಿ ಇರುತ್ತದಲ್ಲ, ಅದನ್ನೇ ಅಂಗೈಯಗಲಕ್ಕೆ ಇಳಿಸಿದರೆ ತಂತಿ ತಾನೇ ಒಳಸೇರುವ ಪೆಟ್ಟಿಗೆ ಆಗಬಾರದೇಕೆ? ಪಟ್ಟಿತಂತಿಯನ್ನು ತರಿಸಿಯೂ ಆಗಿದೆ, ಬೇರೊಬ್ಬ ಮಾರಾಟಗಾರರಿಂದ.

ಸದ್ಯಕ್ಕೆ ಉಳಿದಿರುವ ಕೊರತೆ ಮಣಿಯ ಭಾರ. ಸಾಕೆಟ್ ಸೇರಿದ ಮೇಲೆ ಅದು ನಡೆಯುವಾಗ ಎದೆಗೆ ಬಡಿಯುತ್ತದೆ, ಪ್ಯಾರಾಕಾರ್ಡ್ ಆ ಬಡಿತವನ್ನು ನಿಷ್ಠೆಯಿಂದ ಕಿವಿಗೆ ತಲುಪಿಸುತ್ತದೆ. ಸಾಕೆಟ್ಟಿನ ಪ್ಲಾಸ್ಟಿಕ್ ಮೈಯನ್ನು ಅರದಿಂದ ಉಜ್ಜಿ, ಸ್ಪ್ರಿಂಗ್ ಪಟ್ಟಿಯೊಂದನ್ನೇ ಉಳಿಸಿಕೊಳ್ಳುವ ಕೆಲಸವನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.