ಹ್ಯಾಂಗರ್‌ನಲ್ಲಿ ಉದ್ದವಾದ ಸ್ವೆಟರ್

ಮೆಲ್ಬರ್ನ್‌ನಲ್ಲಿ ಜೂನ್ ಚಳಿ ಶುರುವಾಗಿದೆ. ಬೆಳಿಗ್ಗೆ ಕಪಾಟು ತೆಗೆದೆ. ಹೋದ ವರ್ಷದ ಅಲ್ಪಾಕಾ ಉಣ್ಣೆಯ ಸ್ವೆಟರ್ ಹ್ಯಾಂಗರ್‌ನಲ್ಲೇ ಇತ್ತು. ಹಾಕಿಕೊಂಡರೆ ತೋಳು ಬೆರಳಿನ ತುದಿ ದಾಟಿತ್ತು!

ಪಕ್ಕದಲ್ಲೇ ನೇತಾಡುತ್ತಿದ್ದ ಮೆರಿನೊ ಕುರಿ ಉಣ್ಣೆಯ ಸ್ವೆಟರ್ ಮಾತ್ರ ಹೇಗಿತ್ತೋ ಹಾಗೇ ಇದೆ.

ಎರಡರಿಂದಲೂ ಒಂದೊಂದು ಎಳೆ ಕಿತ್ತು ಕಿಟಕಿ ಬೆಳಕಿಗೆ ಹಿಡಿದೆ. ಮೆರಿನೊ ಎಳೆಯ ತುಂಬಾ ಸಣ್ಣ ಸಣ್ಣ ಅಲೆಗಳು. ಎಳೆದರೆ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಸ್ಪ್ರಿಂಗ್ ಥರ. ಅಲ್ಪಾಕಾದ್ದು ಹೆಚ್ಚುಕಡಿಮೆ ನೇರ, ನುಣುಪು, ಒಂಥರಾ ಹೊಳಪು. ಅದಕ್ಕೇ ಮೈಮೇಲೆ ಅಷ್ಟು ಚೆನ್ನಾಗಿ ಇಳಿಬೀಳುತ್ತದೆ. ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುವುದೂ ಅದಕ್ಕೇ. ಎರಡೂ ಒಂದೇ ಗುಣ, ಅಲ್ವಾ?

ಮೈಗೆ ತಾಗುವ ಹಾಗೆ ಒಳಗೆ ಹಾಕುವುದಕ್ಕೆ ನನಗೆ ಮೆರಿನೊನೇ ಬೇಕು. 18 ಮೈಕ್ರಾನ್‌ನಷ್ಟು (ಮಿಲಿಮೀಟರ್‌ನ ಸಾವಿರದಲ್ಲಿ 18 ಪಾಲು) ಸಣ್ಣ ಎಳೆ ಚುಚ್ಚುವುದಿಲ್ಲ. ಟ್ರಾಮ್ ಹಿಡಿಯಲು ಓಡಿ ಬೆವರಿದರೂ ಬೇಗ ವಾಸನೆ ಬರುವುದಿಲ್ಲ. ಆದರೆ ಬೆಚ್ಚಗೆ ಅಂದರೆ ಅಲ್ಪಾಕಾ. ಪೆರುವಿನ ಆಂಡಿಸ್ ಬೆಟ್ಟಗಳಲ್ಲಿ, 4000 ಮೀಟರ್ ಎತ್ತರದ ಚಳಿಯಲ್ಲಿ ಮೇಯುವ ಪ್ರಾಣಿಯ ಉಣ್ಣೆ ಅದು. ಕುರಿ ಉಣ್ಣೆಯಲ್ಲಿರುವ ಲ್ಯಾನೋಲಿನ್ ಜಿಡ್ಡು ಇದರಲ್ಲಿ ಇಲ್ಲ ಅನ್ನುವಷ್ಟು ಕಡಿಮೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಉಣ್ಣೆನ ಯಾರಾದ್ರೂ ನೇತುಹಾಕ್ತಾರೇನೆ? ಕಂಬಳಿ ಥರ ಮಡಚಿ ಇಡ್ಬೇಕು" ಅಂದರು.

ಈಗ ಸ್ವೆಟರ್ ಒದ್ದೆ ಮಾಡಿ, ಟವೆಲ್ ಮೇಲೆ ಹರವಿ, ತೋಳುಗಳನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ತಳ್ಳುತ್ತಾ ಕೂತಿದ್ದೇನೆ. ಒಣಗಲು ಎರಡು ದಿನವಾದರೂ ಬೇಕು.